ಸ್ವಿಫ್ಟ್‌ನ ‘ಎ ಮಾಡೆಸ್ಟ್ ಪ್ರಪೋಸಲ್’: ಮೋಸ ಹೋಗದೆ ಓದುವುದು ಹೇಗೆ?

ಬಡವರ ಮಕ್ಕಳನ್ನು ಒಂದು ವರ್ಷ ಸಾಕಿ, ಮೈ ತುಂಬಿದ ಮೇಲೆ ಶ್ರೀಮಂತರ ಊಟಕ್ಕೆ ಮಾರಿಬಿಡಿ. ಐರ್ಲೆಂಡಿನ ಲೇಖಕ ಜೊನಾಥನ್ ಸ್ವಿಫ್ಟ್‌ನ ‘ಎ ಮಾಡೆಸ್ಟ್ ಪ್ರಪೋಸಲ್’, ಅಂದ್ರೆ ‘ಒಂದು ವಿನಯದ ಸಲಹೆ’ ಅನ್ನೋ ಪ್ರಬಂಧ ಕೊಡುವ ಸಲಹೆ ಇದು. ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂದಿತ್ತು. ‘ವ್ಯಂಗ್ಯ ಕಣೋ, ಎಲ್ಲ ಉಲ್ಟಾ ಓದ್ಕೋ’ ಅಂದ ಗೆಳೆಯ. ಉಲ್ಟಾ ಓದಿದೆ, ಆಗಲೂ ಪೂರ್ತಿ ಕೈಗೆ ಸಿಗಲಿಲ್ಲ. ಯಾಕಂದ್ರೆ ಇಲ್ಲಿ ಎಲ್ಲವೂ ಉಲ್ಟಾ ಇಲ್ಲ. ಚಿಂದಿ ಬಟ್ಟೆಯ ಮಕ್ಕಳನ್ನು ಹಿಂದೆ ಕಟ್ಟಿಕೊಂಡು ಬೀದಿಯಲ್ಲಿ ಭಿಕ್ಷೆ ಬೇಡುವ ತಾಯಂದಿರ ಚಿತ್ರದಿಂದ ಪ್ರಬಂಧ ಶುರುವಾಗುತ್ತದಲ್ಲ, ಅದು ನೇರವಾದ ಮಾತು. ಪರಿಹಾರ ಮಾತ್ರ ವ್ಯಂಗ್ಯ.

ಓದುವ ಮೊದಲು ಕಾಲ ತಿಳಿದಿರಲಿ. 1729, ಡಬ್ಲಿನ್. ಬೆಳೆ ಕೈಕೊಟ್ಟು ಐರ್ಲೆಂಡಿನ ಜನ ಹಸಿವಿನಿಂದ ಸಾಯುತ್ತಿದ್ದರು. ದೊಡ್ಡ ಜಮೀನ್ದಾರರಲ್ಲಿ ಎಷ್ಟೋ ಜನ ಇದ್ದದ್ದು ಇಂಗ್ಲೆಂಡಿನಲ್ಲಿ, ಗೇಣಿ ದುಡ್ಡೂ ಕಡಲು ದಾಟಿ ಅಲ್ಲಿಗೇ ಹೋಗುತ್ತಿತ್ತು. ಸ್ವಿಫ್ಟ್ ಆಗ ಸೇಂಟ್ ಪ್ಯಾಟ್ರಿಕ್ಸ್ ಕ್ಯಾಥೆಡ್ರಲ್‌ನ ಡೀನ್, ಅಂದ್ರೆ ಅಲ್ಲಿನ ಮುಖ್ಯ ಪಾದ್ರಿ. ಪ್ರಬಂಧದ ಮೇಲೆ ಅವನ ಹೆಸರಿರಲಿಲ್ಲ.

ಮೊದಲ ಕೆಲಸ, ಮಾತಾಡುವವನೇ ಸ್ವಿಫ್ಟ್ ಅಂದುಕೊಳ್ಳಬೇಡಿ. ‘ನನಗೆ ಇದರಲ್ಲಿ ಸ್ವಾರ್ಥ ಇಲ್ಲ, ನನ್ನ ಕೊನೆಯ ಮಗುವಿಗೆ ಒಂಬತ್ತು ವರ್ಷ, ಹೆಂಡತಿಗೆ ಹೆರುವ ವಯಸ್ಸು ದಾಟಿದೆ’ ಅನ್ನುತ್ತಾನೆ ಪ್ರಬಂಧದ ಆಸಾಮಿ. ಸ್ವಿಫ್ಟ್‌ಗೆ ಮಕ್ಕಳೇ ಇರಲಿಲ್ಲ. ಇದೊಂದು ವೇಷ. ದೇಶ ಉದ್ಧಾರ ಮಾಡಲು ಹೊರಟ, ತುಂಬಾ ಮರ್ಯಾದಸ್ಥ ಲೆಕ್ಕಿಗನ ವೇಷ.

ಆಮೇಲೆ ಪೆನ್ನು ತಗೊಂಡು ಅವನ ಲೆಕ್ಕವನ್ನು ನೀವೇ ಮಾಡಿ. ಸುಮ್ನೆ ಕಣ್ಣಾಡಿಸಿದರೆ ಆಗಲ್ಲ. ದೇಶದಲ್ಲಿ 15 ಲಕ್ಷ ಜನ, ಮಕ್ಕಳಾಗುವ ವಯಸ್ಸಿನ ಜೋಡಿಗಳು 2 ಲಕ್ಷ. ಮಕ್ಕಳನ್ನು ಸಾಕುವ ಶಕ್ತಿ ಇರುವ 30,000 ಕಳೆಯಿರಿ, 1,70,000. ಇನ್ನು 50,000 ಕಳೆಯಿರಿ, ವರ್ಷಕ್ಕೆ ಹುಟ್ಟುವ ಬಡವರ ಮಕ್ಕಳು 1,20,000. ಅದರಲ್ಲಿ 20,000 ತಳಿಗೆ ಉಳಿಸಿ, ಮಿಕ್ಕ ಒಂದು ಲಕ್ಷ ಮಾರಾಟಕ್ಕೆ. ಸಾಕಲು ವರ್ಷಕ್ಕೆ 2 ಶಿಲಿಂಗ್ (ಆಗಿನ ನಾಣ್ಯ, 20 ಶಿಲಿಂಗ್ ಸೇರಿದರೆ ಒಂದು ಪೌಂಡ್), ಮಾರಿದರೆ 10, ತಾಯಿಗೆ ಲಾಭ 8. ಲೆಕ್ಕ ಸರಿಯಾಗಿದೆ ಅಂತ ತಲೆಯಾಡಿಸಿದಿರಾ? ಹಾಗಾದರೆ ಹಿಂದೆ ಹೋಗಿ ಆ 50,000 ಯಾರು ಅಂತ ನೋಡಿ. ಗರ್ಭದಲ್ಲೇ ಹೋದವು, ಇಲ್ಲಾ ವರ್ಷ ತುಂಬುವ ಮೊದಲೇ ಅಪಘಾತದಲ್ಲೋ ಕಾಯಿಲೆಯಲ್ಲೋ ಸತ್ತವು. ಅಷ್ಟು ಸಾವು ಒಂದು ಕಳೆಯುವ ಲೆಕ್ಕದಲ್ಲಿ ಮುಗಿದುಹೋಯಿತು, ನೀವೂ ನಾನೂ ನಿಲ್ಲದೆ ಮುಂದೆ ಹೋದೆವು. ನನ್ನ ಪ್ರಕಾರ ಇಡೀ ಪ್ರಬಂಧದ ಕೊಕ್ಕೆ ಇರುವುದು ಇಲ್ಲೇ, ಮಗುವಿನ ಮಾಂಸದ ಅಡುಗೆಯಲ್ಲಿ ಅಲ್ಲ.

ಪದಗಳ ಮೇಲೂ ಕಣ್ಣಿಡಿ. ತಾಯಿಗೆ ಅವನು ಒಂದು ಕಡೆ ‘ಡ್ಯಾಮ್’ ಅನ್ನುತ್ತಾನೆ, ಅದು ಹಸು ಕುದುರೆಗಳ ತಾಯಿಗೆ ಹೇಳುವ ಮಾತು. ಕನ್ನಡದಲ್ಲಿ ಹೆಂಗಸು ಹೆರುತ್ತಾಳೆ, ಹಸು ಈಯುತ್ತದೆ. ಹೆಂಗಸಿಗೆ ‘ಈದಳು’ ಅಂದರೆ ಕಿವಿಗೆ ಹೇಗೆ ಚುಚ್ಚುತ್ತದೋ ಹಾಗೆ. ಅನುವಾದದಲ್ಲಿ ಓದುವವರಿಗೆ ಈ ಮುಳ್ಳು ಸಿಗದೇ ಹೋಗಬಹುದು.

ಇನ್ನು ಜಮೀನ್ದಾರರ ವಾಕ್ಯ. ಈ ಮಾಂಸ ಸ್ವಲ್ಪ ದುಬಾರಿ, ಆದ್ದರಿಂದ ಜಮೀನ್ದಾರರಿಗೇ ಸರಿ, ಅಪ್ಪ ಅಮ್ಮಂದಿರನ್ನು ಹೆಚ್ಚುಕಮ್ಮಿ ತಿಂದು ಮುಗಿಸಿದವರು ಅವರೇ ಆದ್ದರಿಂದ ಮಕ್ಕಳ ಮೇಲೂ ಅವರಿಗೇ ಹಕ್ಕು ಜಾಸ್ತಿ, ಅಂತ ಬರುತ್ತದೆ. ‘ಊರನ್ನೇ ತಿಂದು ತೇಗಿದ’ ಅಂತ ನಾವೂ ಹೇಳುತ್ತೇವೆ ಅಲ್ವಾ? ಸ್ವಿಫ್ಟ್ ಆ ಮಾತಿಗೆ ತಟ್ಟೆ, ಚಾಕು ಕೊಟ್ಟು ಕೂರಿಸಿದ, ಅಷ್ಟೇ.

ಕೊನೆಯ ಹತ್ತಿರ ‘ಬೇರೆ ಉಪಾಯಗಳ ಮಾತೇ ಬೇಡ’ ಅಂತ ಒಂದು ಉದ್ದ ಪಟ್ಟಿ ಬರುತ್ತದೆ. ಊರು ಬಿಟ್ಟು ಹೋದ ಜಮೀನ್ದಾರರಿಗೆ ಪೌಂಡಿಗೆ 5 ಶಿಲಿಂಗ್ ತೆರಿಗೆ, ನಮ್ಮಲ್ಲೇ ತಯಾರಾದ ಬಟ್ಟೆ, ಒಳಜಗಳ ಬಿಡುವುದು, ಅಂಗಡಿಯವರ ಪ್ರಾಮಾಣಿಕತೆ. ಬೇಸರ ಅಂತ ಹಾರಿಸಬೇಡಿ. ಸ್ವಿಫ್ಟ್‌ಗೆ ನಿಜವಾಗಿ ಬೇಕಿದ್ದದ್ದು ಇವೇ. ಐರಿಷ್ ಬಟ್ಟೆಯನ್ನೇ ಬಳಸಿ ಅಂತ 1720ರಲ್ಲೇ ನೇರವಾಗಿ ಬರೆದಿದ್ದ, ಆಗ ಸರ್ಕಾರ ಅದನ್ನು ಅಚ್ಚು ಹಾಕಿದವನ ಮೇಲೆ ಕೇಸು ಹಾಕಿತ್ತು. ಪಟ್ಟಿಯಲ್ಲಿ ಐರ್ಲೆಂಡಿನವರಿಗೂ ಬೈಗುಳ ಇದೆ ನೋಡಿ, ಬರೀ ಇಂಗ್ಲೆಂಡನ್ನು ಬೈದ ಅಂದುಕೊಂಡರೆ ಅರ್ಧ ಮಾತ್ರ ಓದಿದ ಹಾಗೆ.

ಅದಾದ ಮೇಲೆ ಬರುವ ಒಂದು ಮಾತನ್ನು ಗಟ್ಟಿಯಾಗಿ ಓದಿ. ಈ ಮಕ್ಕಳ ಅಪ್ಪ ಅಮ್ಮಂದಿರನ್ನೇ ಕೇಳಿ ನೋಡಿ, ತಾವು ಒಂದು ವರ್ಷದ ಕೂಸಾಗಿದ್ದಾಗಲೇ ತಮ್ಮನ್ನು ಊಟಕ್ಕೆ ಮಾರಿಬಿಟ್ಟಿದ್ದರೆ ಚೆನ್ನಾಗಿತ್ತು ಅಂತ ಅವರಿಗೆ ಅನ್ನಿಸುವುದಿಲ್ಲವಾ, ಅಂತ ಕೇಳುತ್ತಾನೆ. ಗೇಣಿ, ಹಸಿವು, ಮೈಗೆ ಬಟ್ಟೆಯಿಲ್ಲ, ತಲೆ ಮೇಲೆ ಸೂರಿಲ್ಲ ಅಂತ ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಅಲ್ಲಿ ವೇಷ ಸಡಿಲವಾಗಿ ಸ್ವಿಫ್ಟ್‌ನದೇ ದನಿ ಕೇಳುತ್ತದೆ.