‘ಉದ್ಭವಿಸುವುದಿಲ್ಲ’ ಎಂಬ ಉತ್ತರ ಬಾರದಂತೆ ಸದನದಲ್ಲಿ ಪ್ರಶ್ನೆ ಕೇಳಿಸುವುದು ಹೇಗೆ?

ವಿಧಾನಮಂಡಲದ ಪ್ರಶ್ನೆಗೆ ಇಲಾಖೆ ಕೊಡುವ ಉತ್ತರದ ಹಾಳೆಯಲ್ಲಿ ಎರಡು ಅಂಕಣ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಎಡಗಡೆ ಹೀಗಿದೆ ಎನ್ನಿ: ‘(ಅ) ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಿಲ್ಲದೆ ಸಾರ್ವಜನಿಕರಿಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? (ಇ) ಯಾವಾಗ ಸರಿಪಡಿಸಲಾಗುವುದು?’ ಬಲಗಡೆ ಮೊದಲ ಸಾಲು: ‘ಬಂದಿರುವುದಿಲ್ಲ.’ ಅದರ ಕೆಳಗೆ ಎರಡು ಸಲ: ‘ಉದ್ಭವಿಸುವುದಿಲ್ಲ.’

ವಾರಗಟ್ಟಲೆ ಕಾದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಇಲ್ಲಿ ಅಧಿಕಾರಿ ಜಾರಿಕೊಂಡರು ಎಂದು ಬೈಯುವುದು ಸುಲಭ. ಆದರೆ ಜಾರುವ ದಾರಿಯನ್ನು ಪ್ರಶ್ನೆಯೇ ಮಾಡಿಕೊಟ್ಟಿತ್ತು. ‘ಗಮನಕ್ಕೆ ಬಂದಿದೆಯೇ’ ಎಂದು ಕೇಳಿದರೆ ‘ಇಲ್ಲ’ ಎನ್ನಲು ಯಾವ ಕಡತವನ್ನೂ ತೆರೆಯಬೇಕಿಲ್ಲ. ವಿಕಲಚೇತನರ ಸಂಘಗಳು, ಯುವಕ ಮಂಡಳಿಗಳು, ಆಸ್ಪತ್ರೆಗೆ ಅಲೆದು ಸುಸ್ತಾದ ಪೋಷಕರು ಶಾಸಕರ ಬಳಿಗೆ ಅಹವಾಲು ಒಯ್ಯುವ ಮುನ್ನ ಇದನ್ನು ತಿಳಿದಿರಬೇಕು. ಪ್ರಶ್ನೆ ಬರೆದುಕೊಡುವ ಆಪ್ತ ಸಹಾಯಕರಂತೂ ತಿಳಿದಿರಲೇಬೇಕು.

ಮೊದಲು ಯಾವ ಬಗೆಯ ಪ್ರಶ್ನೆ ಎಂದು ತೀರ್ಮಾನಿಸಿ

ವಿಧಾನಸಭೆಯ 224 ಮತ್ತು ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ ಸಚಿವರು, ಪೀಠದಲ್ಲಿರುವವರನ್ನು ಬಿಟ್ಟು ಯಾರು ಬೇಕಾದರೂ ಪ್ರಶ್ನೆ ಕೊಡಬಹುದು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಲು ಅವಕಾಶವಿದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಜನ ಚುಕ್ಕೆ ಪ್ರಶ್ನೆಗೇ ಮುಗಿಬೀಳುತ್ತಾರೆ. ಆದರೆ ಪ್ರಶ್ನೋತ್ತರ ವೇಳೆ ಚಿಕ್ಕದು, ಪಟ್ಟಿಯಲ್ಲಿರುವ ಎಲ್ಲ ಪ್ರಶ್ನೆಗಳಿಗೂ ಸರದಿ ಬರುವುದಿಲ್ಲ. ಅಂಕಿ ಅಂಶ ಬೇಕಿದ್ದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆಯೇ ಮೇಲು. ಉತ್ತರ ಅನುಬಂಧದ ಸಮೇತ ಕೈಗೆ ಬರುತ್ತದೆ. ಆ ಅಂಕಿಗಳನ್ನು ಇಟ್ಟುಕೊಂಡು ಮುಂದಿನ ಅಧಿವೇಶನದಲ್ಲಿ ಚುಕ್ಕೆ ಪ್ರಶ್ನೆ ಕೇಳಿಸಿದರೆ ಸಚಿವರು ತಮ್ಮದೇ ಇಲಾಖೆಯ ಲೆಕ್ಕಕ್ಕೆ ಉತ್ತರ ಹೇಳಬೇಕಾಗುತ್ತದೆ.

ಇಲಾಖೆಗಳಿಗೆ ಉತ್ತರಿಸುವ ದಿನಗಳು ಮೊದಲೇ ಹಂಚಿಕೆಯಾಗಿರುತ್ತವೆ, ಪ್ರಶ್ನೆ ಕೊಡಲು ಕೊನೆಯ ದಿನವೂ ಇರುತ್ತದೆ. ಸದನ ಸೇರಿದ ಮೇಲೆ ಮನವಿ ಹಿಡಿದು ವಿಧಾನಸೌಧಕ್ಕೋ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೋ ಓಡಿದರೆ ಆ ಅಧಿವೇಶನಕ್ಕೆ ಅದು ದಕ್ಕುವುದಿಲ್ಲ. ಅಧಿವೇಶನದ ದಿನಾಂಕ ಪತ್ರಿಕೆಯಲ್ಲಿ ಬಂದ ದಿನವೇ ಕರಡು ಶಾಸಕರ ಕಚೇರಿಯಲ್ಲಿರಲಿ.

ಯಾವ ಸಚಿವರಿಗೆ?

ಅರ್ಧಕ್ಕರ್ಧ ಪ್ರಶ್ನೆಗಳು ಕೆಡುವುದು ಇಲ್ಲಿ. ವಿಕಲಚೇತನರ ವಿಷಯವೆಂದರೆ ಎಲ್ಲವೂ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಎಂದು ಬರೆದುಬಿಡುತ್ತಾರೆ. ಮಾಸಾಶನ ಆ ಇಲಾಖೆಯದಲ್ಲ, ಅದು ಕಂದಾಯ ಇಲಾಖೆಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯಕ್ಕೆ ಸೇರಿದ್ದು. ಅಂಗವೈಕಲ್ಯದ ಪ್ರಮಾಣ ಅಳೆಯುವ ವೈದ್ಯರು ಆರೋಗ್ಯ ಇಲಾಖೆಯವರು. ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗೆ ಮೀಸಲಿಡಬೇಕಾದ ಶೇ 5ರ ಹಣದ ಲೆಕ್ಕ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯಲ್ಲಿದೆ. ನೇಮಕಾತಿ ಮೀಸಲಾತಿಯ ನಿಯಮ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯದು. ಪಂಚಾಯಿತಿ ಮಟ್ಟದಲ್ಲಿ ಗೌರವಧನಕ್ಕೆ ದುಡಿಯುವ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇವರ ವಿಷಯ ಮಾತ್ರ ನೇರವಾಗಿ ವಿಕಲಚೇತನರ ಇಲಾಖೆಗೆ ಹೋಗಬೇಕು.

ಆಸ್ಪತ್ರೆಗಳಲ್ಲೂ ಇದೇ ತೊಡಕು. ಹಲವು ಊರುಗಳ ಜಿಲ್ಲಾ ಆಸ್ಪತ್ರೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ಬೋಧಕ ಆಸ್ಪತ್ರೆ. ಅಂಥದ್ದರ ಬಗ್ಗೆ ವೈದ್ಯಕೀಯ ಶಿಕ್ಷಣ ಸಚಿವರನ್ನು ಕೇಳಬೇಕು. ಯುವನಿಧಿಯೂ ಅಷ್ಟೆ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಆದವರಿಗೆ ₹1,500 ಕೊಡುವ ಈ ಯೋಜನೆ ಹೆಸರಿನಲ್ಲಿ ‘ಯುವ’ ಇದ್ದರೂ ಕೌಶಲಾಭಿವೃದ್ಧಿ ಇಲಾಖೆಯದೇ ಹೊರತು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದಲ್ಲ. ತಪ್ಪು ಇಲಾಖೆಗೆ ಹೋದ ಪ್ರಶ್ನೆ ವರ್ಗಾವಣೆಯಾಗಿ ಅಲೆಯುತ್ತದೆ, ಇಲ್ಲವೇ ‘ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಹಳೆಯ ಉತ್ತರ ನೋಡದೆ ಬರೆಯಬೇಡಿ

ವಿಧಾನಮಂಡಲದ ಜಾಲತಾಣದಲ್ಲಿ ಹಿಂದಿನ ಅಧಿವೇಶನಗಳ ಪ್ರಶ್ನೋತ್ತರಗಳು ಸಿಗುತ್ತವೆ. ನಿಮ್ಮ ವಿಷಯವನ್ನು ಪಕ್ಕದ ತಾಲ್ಲೂಕಿನ ಶಾಸಕರು ಆಗಲೇ ಕೇಳಿರಬಹುದು. ಅಂದು ‘ಪರಿಶೀಲನೆಯಲ್ಲಿದೆ’ ಎಂದಿದ್ದರೆ ನಿಮ್ಮ ಪ್ರಶ್ನೆ ಅಲ್ಲಿಂದಲೇ ಆರಂಭವಾಗಲಿ: ಆ ಪರಿಶೀಲನೆ ಯಾವ ಹಂತದಲ್ಲಿದೆ? ಆರ್ಥಿಕ ಇಲಾಖೆಯ ಸಹಮತಿಗೆ ಕಡತ ಹೋದ ದಿನಾಂಕ ಯಾವುದು? ಊರಿನ ಅಂಕಿ ಅಂಶ ಬೇಕಿದ್ದರೆ ಮಾಹಿತಿ ಹಕ್ಕಿನಡಿ ಮೊದಲೇ ಅರ್ಜಿ ಹಾಕಿಡಿ, ಉತ್ತರಕ್ಕೆ 30 ದಿನ ಬೇಕು.

ಬರೆಯುವ ಬಗೆ

ನಿಯಮ ಒಂದೇ: ಪ್ರತಿ ಉಪವಿಭಾಗವೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. (ಅ) ಬಿದ್ದರೂ (ಆ) ಬೀಳಬಾರದು. ‘ಬಂದಿದ್ದಲ್ಲಿ’, ‘ಹಾಗಿದ್ದಲ್ಲಿ’ ಎಂಬ ಕೊಂಡಿಗಳನ್ನು ಕಿತ್ತುಹಾಕಿ. ಎಣಿಸಬಹುದಾದದ್ದನ್ನು, ದಿನಾಂಕ ಇರುವುದನ್ನು, ಕಡತದಲ್ಲಿ ಇದ್ದೇ ಇರುವುದನ್ನು ಕೇಳಿ. ಯುಡಿಐಡಿ (ವಿಕಲಚೇತನರಿಗೆ ಕೊಡುವ ವಿಶಿಷ್ಟ ಗುರುತಿನ ಚೀಟಿ) ತಡವಾಗುತ್ತಿದೆ ಎನ್ನುವುದು ದೂರಾದರೆ ಪ್ರಶ್ನೆ ಹೀಗಿರಲಿ:

‘(ಅ) ಕಳೆದ ಎರಡು ಆರ್ಥಿಕ ವರ್ಷಗಳಲ್ಲಿ ಈ ತಾಲ್ಲೂಕಿನಿಂದ ಯುಡಿಐಡಿಗೆ ಬಂದ ಅರ್ಜಿಗಳೆಷ್ಟು, ಅವುಗಳಲ್ಲಿ ಚೀಟಿ ವಿತರಿಸಿದ, ತಿರಸ್ಕರಿಸಿದ ಹಾಗೂ ಬಾಕಿ ಇರುವ ಅರ್ಜಿಗಳೆಷ್ಟು? (ಅಂಗವೈಕಲ್ಯದ ವಿಧವಾರು ಮಾಹಿತಿ ನೀಡುವುದು)

(ಆ) ಬಾಕಿ ಅರ್ಜಿಗಳಲ್ಲಿ 3 ತಿಂಗಳೊಳಗಿನವು, 3ರಿಂದ 6 ತಿಂಗಳಿನವು ಹಾಗೂ 6 ತಿಂಗಳು ಮೀರಿದವು ಎಷ್ಟು?

(ಇ) ಈ ಅವಧಿಯಲ್ಲಿ ತಾಲ್ಲೂಕಿನಲ್ಲಿ ತಪಾಸಣಾ ಶಿಬಿರಗಳು ನಡೆದ ದಿನಾಂಕಗಳು ಯಾವುವು? ಪ್ರತಿ ಶಿಬಿರದಲ್ಲಿ ಹಾಜರಿದ್ದ ತಜ್ಞರು ಯಾವ ವಿಭಾಗದವರು?’

ವಿಧವಾರು ಎಂದು ಏಕೆ ಕೇಳಬೇಕು? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ. ಕೈಕಾಲಿನ ನ್ಯೂನತೆಯನ್ನು ಮೂಳೆ ತಜ್ಞರೊಬ್ಬರೇ ಅಳೆದುಬಿಡಬಹುದು. ಶ್ರವಣದೋಷಕ್ಕೆ ಕಿವಿ ಪರೀಕ್ಷೆಯ ಯಂತ್ರ ಬೇಕು, ಬೌದ್ಧಿಕ ಅಂಗವೈಕಲ್ಯಕ್ಕೆ ಮನಃಶಾಸ್ತ್ರಜ್ಞರು ಬೇಕು. ಅವರು ಬಾರದ ಶಿಬಿರದಿಂದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ ತಾಯಿ ‘ಜಿಲ್ಲಾಸ್ಪತ್ರೆಗೆ ಹೋಗಿ’ ಎಂಬ ಮಾತು ಕೇಳಿ ಹಿಂದಿರುಗಬೇಕು. ಒಟ್ಟು ಲೆಕ್ಕದಲ್ಲಿ ಆ ತಾಯಿ ಕಾಣುವುದಿಲ್ಲ. (ಅ) ಮತ್ತು (ಇ) ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಕಾಣುತ್ತಾಳೆ.

ವೈದ್ಯರ ಹುದ್ದೆಯ ಪ್ರಶ್ನೆಯಲ್ಲಿ ‘ಖಾಲಿ ಎಷ್ಟು’ ಎಂದಷ್ಟೇ ಕೇಳಿದರೆ ಸಾಲದು. ಮಂಜೂರು, ಕಾಯಂ ಭರ್ತಿ, ಗುತ್ತಿಗೆ, ಖಾಲಿ, ನಿಯೋಜನೆ ಎಂದು ಐದು ಅಂಕಣ ಕೇಳಿ. ಐದನೆಯದೇ ಮುಖ್ಯ. ನಿಮ್ಮೂರ ಆರೋಗ್ಯ ಕೇಂದ್ರದ ವೈದ್ಯರು ನಿಯೋಜನೆ ಮೇಲೆ ಬೇರೆಡೆ ಕೆಲಸ ಮಾಡುತ್ತಿದ್ದರೂ ಸಂಬಳದ ಪಟ್ಟಿಯಲ್ಲಿ ಇಲ್ಲಿಯ ಹುದ್ದೆ ‘ಭರ್ತಿ’. ಮಾನಸಿಕ ಆರೋಗ್ಯದ ಬಗ್ಗೆ ಕೇಳುವಾಗಲೂ ಯೋಜನೆ ಜಾರಿಯಲ್ಲಿದೆಯೇ ಎನ್ನಬೇಡಿ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು. ಕಳೆದ ವರ್ಷದ ಎಷ್ಟು ಮಂಗಳವಾರ ಬಂದರು, ಎಷ್ಟು ರೋಗಿಗಳನ್ನು ನೋಡಿದರು, ಔಷಧ ದಾಸ್ತಾನು ಇಲ್ಲದ ದಿನಗಳೆಷ್ಟು ಎಂದು ಕೇಳಿ. ಹಣದ ವಿಷಯ ಬಂದಾಗ ನಿಗದಿ, ಬಿಡುಗಡೆ, ವೆಚ್ಚ ಮೂರನ್ನೂ ಬೇರೆ ಬೇರೆಯಾಗಿ ಬರೆಸಿ. ಮಾರ್ಚ್ ಕೊನೆಗೆ ಬಿಡುಗಡೆಯಾದ ಹಣ ಖರ್ಚಾಗಿರುವುದು ಅಪರೂಪ.

ಆಸೆಪಟ್ಟು ಹತ್ತು ವರ್ಷಗಳ, ಇಡೀ ರಾಜ್ಯದ, ಗ್ರಾಮವಾರು ಮಾಹಿತಿ ಕೇಳಬೇಡಿ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರಕ್ಕೆ ಅದೇ ನೆಪವಾಗುತ್ತದೆ. ಒಂದು ಕ್ಷೇತ್ರ, ಎರಡು ಮೂರು ವರ್ಷ ಸಾಕು. ರೋಗಿಯ ಅಥವಾ ಫಲಾನುಭವಿಯ ಹೆಸರು, ನ್ಯಾಯಾಲಯದಲ್ಲಿರುವ ಪ್ರಕರಣ, ಸಚಿವರ ಅಭಿಪ್ರಾಯ ಕೇಳುವ ಸಾಲು, ಆರೋಪದ ಮಾತು ಇವು ಪ್ರಶ್ನೆಯಲ್ಲಿ ಬೇಡ.

ಸದನದಲ್ಲಿ

ಚುಕ್ಕೆ ಪ್ರಶ್ನೆಯಾದರೆ ಶಾಸಕರ ಕೈಗೆ ಒಂದೇ ಹಾಳೆ ಕೊಡಿ. ಅದರಲ್ಲಿ ಎರಡು ಉಪಪ್ರಶ್ನೆ ಮತ್ತು ಪ್ರತಿಯೊಂದರ ಪಕ್ಕದಲ್ಲಿ ಒಂದು ಅಂಕಿ ಸಾಕು. ಹಿನ್ನೆಲೆ ವಿವರಿಸುತ್ತಾ ಹೋದರೆ ‘ಪ್ರಶ್ನೆ ಕೇಳಿ’ ಎಂದು ಪೀಠದಿಂದ ಸೂಚನೆ ಬರುತ್ತದೆ, ಸಮಯವೂ ಜಾರುತ್ತದೆ. ಮೊದಲ ಉಪಪ್ರಶ್ನೆ ಅನುಬಂಧದ ಅಂಕಿಯ ಮೇಲಿರಲಿ, ಎರಡನೆಯದು ದಿನಾಂಕ ಕೇಳಲಿ.

ತುರ್ತು ವಿಷಯಕ್ಕೆ ಗಮನ ಸೆಳೆಯುವ ಸೂಚನೆ ಇದೆ. ವಿಸ್ತಾರವಾದ ಚರ್ಚೆ ಬೇಕಿದ್ದರೆ ವಿಧಾನಸಭೆಯಲ್ಲಿ ನಿಯಮ 69ರಡಿ, ಪರಿಷತ್ತಿನಲ್ಲಿ ನಿಯಮ 330ರಡಿ ವಿಷಯ ಎತ್ತಿಸಬಹುದು. ಕೇಂದ್ರದ ಯೋಜನೆಯಾದರೆ ನಿಮ್ಮ ಸಂಸದರನ್ನು ಹಿಡಿಯಿರಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಅವಕಾಶವಿದೆ. ಅಲ್ಲಿ ‘ಆರೋಗ್ಯ ರಾಜ್ಯದ ವಿಷಯ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದ್ದರಿಂದ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕೇಂದ್ರದ ಪಾಲು ಎಷ್ಟು, ರಾಜ್ಯಕ್ಕೆ ಯಾವ ದಿನ ಬಿಡುಗಡೆಯಾಯಿತು ಎಂದು ಹಣವನ್ನೇ ಕೇಳಿಸಿ.

ಉತ್ತರ ಬಂದ ಮೇಲೆ

ಹೆಚ್ಚಿನವರು ಇಲ್ಲಿಗೇ ಬಿಟ್ಟುಬಿಡುತ್ತಾರೆ. ಮೊದಲು ಅನುಬಂಧವನ್ನು ಊರಿನ ವಾಸ್ತವಕ್ಕೆ ಹೋಲಿಸಿ. ‘ಭರ್ತಿ’ ಎಂದಿರುವ ಹುದ್ದೆಯ ಕೋಣೆಗೆ ಬೀಗವಿದ್ದರೆ, ನಡೆದಿದೆ ಎಂದ ಶಿಬಿರ ನಡೆದೇ ಇಲ್ಲದಿದ್ದರೆ, ದಿನಾಂಕ ಸಮೇತ ಶಾಸಕರಿಗೆ ಬರೆದುಕೊಡಿ. ಸದನಕ್ಕೆ ತಪ್ಪು ಮಾಹಿತಿ ಕೊಡುವುದು ಇಲಾಖೆಗೆ ಸಣ್ಣ ವಿಷಯವಲ್ಲ.

‘ಕ್ರಮ ವಹಿಸಲಾಗುವುದು’, ‘ಶೀಘ್ರದಲ್ಲೇ ಭರ್ತಿ ಮಾಡಲಾಗುವುದು’ ಎಂದು ಸಚಿವರು ಹೇಳಿದ್ದರೆ ಅದು ಭರವಸೆ. ಅಂಥವು ಈಡೇರಿದವೇ ಎಂದು ನೋಡಲು ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಕೆಲವು ತಿಂಗಳು ಕಾದು, ಕೆಲಸ ಆಗದಿದ್ದರೆ ಶಾಸಕರ ಮೂಲಕ ಸಮಿತಿಗೆ ಪತ್ರ ಬರೆಸಿ. ಪತ್ರದಲ್ಲಿ ಪ್ರಶ್ನೆಯ ಸಂಖ್ಯೆ, ಉತ್ತರಿಸಿದ ದಿನಾಂಕ, ಭರವಸೆಯ ಆ ಒಂದು ವಾಕ್ಯ ಅಕ್ಷರಶಃ, ಇಂದಿನ ಸ್ಥಿತಿ ಇಷ್ಟಿರಲಿ. ಉತ್ತರದ ಹಾಳೆಯ ಪ್ರತಿಯನ್ನು ಹಿಂದೆ ಲಗತ್ತಿಸಿ, ಒಂದು ಪ್ರತಿ ನಿಮ್ಮ ಸಂಘದ ಕಡತದಲ್ಲೂ ಇರಲಿ. ಮುಂದಿನ ಅಧಿವೇಶನದ ಕರಡು ಬರೆಯಲು ಅದೇ ಬೇಕಾಗುತ್ತದೆ.