ಅಂಬೆಗಾಲು ಕೃಷ್ಣ ಮಗು ಥರ ಕಾಣ್ಬೇಕು ಅಂದ್ರೆ

ಮೈಸೂರು ಶೈಲಿ ಚಿತ್ರ ಅಂದ್ರೆ ಎಲ್ರೂ ಮೊದ್ಲು ಕೇಳೋದು ಚಿನ್ನದ ರೇಕಿನ ವಿಷ್ಯ, ಆದ್ರೆ ಅಂಬೆಗಾಲು ಕೃಷ್ಣನ್ನ ಬರೆಯೋವಾಗ ಅಸಲಿ ಕೆಲ್ಸ ಇರೋದು ಪೆನ್ಸಿಲ್ಲಲ್ಲೇ. ದೊಡ್ಡೋರ ಅಳತೆ ಹಿಡಿದ್ರೆ ಮಗು ಬರಲ್ಲ, ಗಿಡ್ಡ ಗಂಡಸು ಬರ್ತಾನೆ. ದೊಡ್ಡೋರ ಎತ್ತರ ಸುಮಾರು ಏಳೂವರೆ ತಲೆಯಷ್ಟು, ಹುಟ್ಟಿದ ಕೂಸಿಂದು ನಾಲ್ಕು. ನಾನು ನಾಲ್ಕೂವರೆ ಇಟ್ಕೋತೀನಿ. ಕಣ್ಣು ತಲೆಯ ಅರ್ಧಕ್ಕಿಂತ ಸ್ವಲ್ಪ ಕೆಳಗೇ ಬರ್ಬೇಕು, ಹಣೆ ದೊಡ್ಡದು, ಗದ್ದ ಚಿಕ್ಕದು, ಕತ್ತು ಇದ್ಯೋ ಇಲ್ವೋ ಅನ್ನಂಗೆ, ಮಣಿಕಟ್ಟಲ್ಲಿ ದಾರ ಬಿಗಿದಂಗೆ ಒಂದು ಮಡಿಕೆ.

ಬಲಗೈಲಿ ಬೆಣ್ಣೆ ಮುದ್ದೆ ಇರೋದ್ರಿಂದ ಭಾರ ಎಲ್ಲಾ ಎಡಗೈ ಮೇಲೆ, ಹಂಗಾಗಿ ಎಡ ಭುಜ ಕಿವಿ ಕಡೆ ಎದ್ದಿರ್ಬೇಕು, ಬೆರಳು ನೆಲದ ಮೇಲೆ ಅಗಲಿಸಿರ್ಬೇಕು. ಇದು ನಂಗೆ ಹೊಳೆದಿದ್ದು ಅಕ್ಕನ ಮಗ ಹಾಲ್ ತುಂಬಾ ಅಂಬೆಗಾಲಿಡ್ತಿದ್ದಾಗ ತೆಗೆದ ವಿಡಿಯೋನ ನಿಲ್ಲಿಸಿ ನಿಲ್ಲಿಸಿ ನೋಡಿದಾಗ.

ಆಮೇಲೆ ಗೆಸ್ಸೊ, ಅಂದ್ರೆ ಚಿನ್ನದ ರೇಕು ಕೂರಿಸೋ ಜಾಗನ ಉಬ್ಬಿಸೋಕೆ ಹಾಕೋ ಲೇಪ. ಜಿಂಕ್ ಆಕ್ಸೈಡ್ ಪುಡಿಗೆ ಗೋಂದು, ಗ್ಯಾಂಬೋಜ್ ಹಳದಿ ಸೇರಿಸಿ ನುಣ್ಣಗೆ ಅರೆದು ಸಣ್ಣ ಬ್ರಷ್ಷಲ್ಲೇ ಎಳೆ ಎಳೆಯಾಗಿ ಹಾಕೋದು, ಒಂದು ಎಳೆ ಒಣಗಿದ್ಮೇಲೇ ಇನ್ನೊಂದು. ಉಬ್ಬು ಜಾಸ್ತಿ ಮಾಡೋಕೆ ಹೋಗ್ಬೇಡಿ, ಮುಮ್ಮಡಿ ಕೃಷ್ಣರಾಜ ಒಡೆಯರ್ 1861ರಲ್ಲಿ ಕಟ್ಟಿಸಿದ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಹಳೇ ಚಿತ್ರಗಳನ್ನ ಪಕ್ಕದಿಂದ ನೋಡಿ, ಎಷ್ಟು ತೆಳುವಾಗಿದೆ ಅಂತ ಗೊತ್ತಾಗುತ್ತೆ. ಮಗೂಗೆ ಒಡವೆ ಕಮ್ಮಿ ಇದ್ರೇನೇ ಚೆಂದ ಅಂತ ನನ್ನ ಲೆಕ್ಕ: ಉಡಿದಾರ, ಗೆಜ್ಜೆ, ಕಡಗ, ಕೊರಳಿಗೆ ಹುಲಿಯುಗುರು. (2023ರ ಹುಲಿಯುಗುರು ಗಲಾಟೆ ಆದ್ಮೇಲೆ ಇದನ್ನ ನೋಡ್ದೋರೆಲ್ಲ ನಗ್ತಾರೆ, ಬಾಲಕೃಷ್ಣನಿಗೆ ಯಾವ ಅರಣ್ಯ ಇಲಾಖೆ ಸ್ವಾಮಿ!) ಕಿರೀಟ ಭಾರ ಮಾಡಿದ್ರೆ ಕಷ್ಟಪಟ್ಟು ಬರೆದ ಹಣೆನೇ ಮುಚ್ಚೋಗುತ್ತೆ, ಅದಕ್ಕೆ ನಾನು ಕೊಂಡೆ ಕಟ್ಟಿ ಒಂದು ನವಿಲುಗರಿ ಸಿಗಿಸ್ತೀನಿ ಅಷ್ಟೇ.

ರೇಕು ಕೂರಿಸೋವಾಗ ಫ್ಯಾನ್ ಆಫ್, ಉಸಿರೂ ನಿಧಾನ. ಮೇಲೆ ತೆಳು ಪೇಪರ್ ಇಟ್ಟು ನುಣುಪು ಕಲ್ಲಲ್ಲಿ ಮೆಲ್ಲಗೆ ಉಜ್ಜಿದ್ರೆ ಹೊಳಪು ಬರುತ್ತೆ. ಕಣ್ಣು, ತುಟಿ ಗೆರೆ ನಾನು ಕೊನೇಗೇ ಬರೆಯೋದು.

ಗಿರಾಕಿಗಳು ಕಲ್ಲು, ಮಣಿ ಅಂಟಿಸಿ ಕೊಡಿ ಅಂತಾರೆ, ಅದು ಬೇಕಿದ್ರೆ ತಂಜಾವೂರು ಶೈಲಿದೇ ತಗೊಳ್ಳಿ ಅಂತೀನಿ. ಫ್ರೇಮ್ ಹಾಕ್ಸೋವಾಗ ಗಾಜಿಗೂ ಚಿತ್ರಕ್ಕೂ ಮಧ್ಯ ಸ್ವಲ್ಪ ಗ್ಯಾಪ್ ಬಿಡಿ ಅಂತ ಅಂಗಡಿಯವ್ರಿಗೆ ಹೇಳಿ, ಇಲ್ಲಾಂದ್ರೆ ಉಬ್ಬು ಗಾಜಿಗೆ ತಾಗುತ್ತೆ.