ಕಕ್ಕೆ ಬೀಜ ಹುಟ್ಟಬೇಕಾ? ಮೊದಲು ಉಜ್ಜಿ

ಏಪ್ರಿಲ್ ಬಂತೆಂದರೆ ಕಕ್ಕೆ ಮರದ ತುಂಬ ಹಳದಿ ಗೊಂಚಲು. ನೋಡಿ ಆಸೆಪಟ್ಟು ಬೀಜ ತಂದು, ಬಿತ್ತಿ, ಎರಡು ತಿಂಗಳು ನೀರು ಹಾಕಿ, ಕೊನೆಗೆ ‘ಬೀಜವೇ ಸರಿ ಇಲ್ಲ’ ಎಂದು ಬೈದವರನ್ನು ಬಹಳ ನೋಡಿದ್ದೇನೆ. ಬೀಜ ಸರಿಯಾಗೇ ಇರುತ್ತದೆ. ಸಿಪ್ಪೆ ಗಟ್ಟಿ, ಅದರೊಳಗೆ ನೀರು ಇಳಿದಿರುವುದಿಲ್ಲ, ಅಷ್ಟೇ.

ಮೊಳದುದ್ದದ, ಕಪ್ಪಗೆ ಬಲಿತ ಕಾಯಿ ಆರಿಸಿ. ಒಡೆದರೆ ಕಾಸು ಜೋಡಿಸಿಟ್ಟ ಹಾಗೆ ಬಿಲ್ಲೆಗಳು, ನಡುನಡುವೆ ಒಂದೊಂದು ಬೀಜ, ಜೊತೆಗೆ ಕಪ್ಪು ಅಂಟು. ಅಂಟು ಪೂರ್ತಿ ತೊಳೆಯಿರಿ. ಸಿಹಿ ಅಂತ ಮಕ್ಕಳು ನೆಕ್ಕೀತು, ಹುಷಾರು. ಭೇದಿ ಆಗಲೆಂದು ಕೊಡುವ ಮದ್ದು ಅದೇ! ಕಾಡಿನಲ್ಲಿ ಕರಡಿ, ನರಿ ಇದನ್ನು ತಿಂದು ಬೀಜ ಹರಡುತ್ತವೆ, ಅವುಗಳ ಹೊಟ್ಟೆಯಲ್ಲೇ ಗಟ್ಟಿ ಸಿಪ್ಪೆ ಸವೆಯುತ್ತದೆ.

ನಮ್ಮ ಮನೆಯಲ್ಲಿ ಕರಡಿ ಇಲ್ಲವಲ್ಲ, ಸ್ಯಾಂಡ್ ಪೇಪರ್ ತನ್ನಿ. ಬೀಜದ ಕಣ್ಣಿರುವ ತುದಿ ಮುಟ್ಟಬೇಡಿ, ಮೊಳಕೆ ಬರುವುದು ಅಲ್ಲಿಂದ. ಅದರ ಎದುರಿನ ತುದಿ ಉಜ್ಜಿ. ಕಂದು ಹೊಳಪು ಹೋಗಿ ಮಸುಕು ಚುಕ್ಕೆ ಕಂಡ ತಕ್ಷಣ ನಿಲ್ಲಿಸಿ. ಒಳಗಿನ ಬೇಳೆಗೆ ಗಾಯವಾದರೆ ಬೀಜ ಕೊಳೆಯುತ್ತದೆ. ರಾತ್ರಿಯಿಡೀ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವನ್ನು ಮತ್ತೆ ಸ್ವಲ್ಪ ಉಜ್ಜಿ ನೆನೆಸಿ. ಒಮ್ಮೆ ನಾನು ಸೋಮಾರಿತನಕ್ಕೆ ಬೀಜವನ್ನು ಒಲೆ ಮೇಲಿಟ್ಟು ಕುದಿಸಿದೆ. ಬೆಂದ ಬೇಳೆ ಸಿಕ್ಕಿತು, ಗಿಡವಲ್ಲ. ಆ್ಯಸಿಡ್ ಹಾಕುವ ಉಪಾಯ ನರ್ಸರಿಯವರಿಗೇ ಇರಲಿ. ಬೇರು ಬರಿಸುವ ಪುಡಿ ಮಾರಲು ಬಂದರೆ ಬೇಡ ಎನ್ನಿ. ಅದು ಕಡ್ಡಿ ನೆಡುವವರಿಗೆ, ಬೀಜಕ್ಕಲ್ಲ.

ಅರ್ಧ ಇಂಚು ಆಳಕ್ಕೆ, ಉದ್ದನೆಯ ಕವರಿನಲ್ಲಿ ಬಿತ್ತಿ. ಗಿಡ್ಡ ಕುಂಡದಲ್ಲಿ ತಾಯಿಬೇರು ಸುತ್ತಿಕೊಳ್ಳುತ್ತದೆ. ಮಳೆ ಹಿಡಿದಾಗ ಚೆನ್ನಾಗಿ ಬಿಸಿಲು ಬೀಳುವ ಕಡೆ ನೆಡಿ. ಚಿಕ್ಕ ಅಂಗಳಕ್ಕೆ ಗುಲ್‌ಮೊಹರ್ ಬೇಡ, ಕಕ್ಕೆಯೇ ಸರಿ. ನಮ್ಮ ನೆಲದ್ದು, ಜಾಸ್ತಿ ಹರಡುವುದಿಲ್ಲ.

ಎಳೆ ಎಲೆ ತೂತಾದರೆ ಔಷಧಿ ಹೊಡೆಯಬೇಡಿ. ಎಲೆಯ ಬಣ್ಣಕ್ಕೇ ಸೇರಿಹೋದ ಹಸಿರು ಹುಳು ಕಂಡೀತು. ಕಾಮನ್ ಎಮಿಗ್ರಂಟ್ ಚಿಟ್ಟೆಯ ಮರಿ ಅದು. ಅದರ ಊಟ ಇದೇ ಎಲೆ. ತಿಂದ ಮೇಲೂ ಗಿಡ ಚಿಗುರುತ್ತದೆ.

ಹೂವಿಗೆ ಕೆಲವು ವರ್ಷ ಕಾಯಬೇಕು. ಆಮೇಲೆ ಬರುತ್ತದೆ ದಪ್ಪ ಕಪ್ಪು ದುಂಬಿ. ಹೂವನ್ನು ತಬ್ಬಿ, ಗುಂಯ್ ಎಂದು ಮೈ ನಡುಗಿಸಿ ಪರಾಗ ಉದುರಿಸಿಕೊಳ್ಳುತ್ತದೆ. ತೋಟದ ಮೂಲೆಯಲ್ಲಿ ಒಂದು ಒಣ ದಿಮ್ಮಿ ಸುಮ್ನೆ ಬಿಟ್ಟಿರಿ, ಅದು ಗೂಡು ಕೊರೆಯುವುದು ಅಂಥದರಲ್ಲೇ.